ರೀಫಂಡ್ ಎಲ್ಲಿ ನಿಂತಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ನವೆಂಬರ್ ತಿಂಗಳು, ಒಂದು ಬೆಳಿಗ್ಗೆ. ಹನುಮಂತನಗರದ ನಮ್ಮ ಮನೆ ಗೇಟು ಕಿರ್ ಅಂದಿತು. ನೋಡಿದರೆ ಎದುರುಮನೆ ಮೇಷ್ಟ್ರು. ಕೈಯಲ್ಲಿ ಬಟ್ಟೆ ಚೀಲ, ಅದರಲ್ಲಿ ದಪ್ಪನೆಯ ಫೈಲು, ಸ್ಟೀಲಿನ ನೀರಿನ ಬಾಟಲಿ, ಮಡಚುವ ಕೊಡೆ. ಎಲ್ಲಿಗೆ ಮೇಷ್ಟ್ರೇ, ಅಂದೆ. "ಎಲೆಕ್ಟ್ರಾನಿಕ್ ಸಿಟಿಗೆ ಕಣಯ್ಯಾ. ಇನ್‌ಕಮ್ ಟ್ಯಾಕ್ಸ್ ರೀಫಂಡ್ ಬಂದಿಲ್ಲ. ಆ ಆಫೀಸು ನಮ್ಮೂರಲ್ಲೇ ಇದೆಯಂತಲ್ಲ, ಹೋಗಿ ಕೇಳಿಬಿಡ್ತೀನಿ" ಅಂದರು.

ಮೇಷ್ಟ್ರು ಹೇಳಿದ್ದು ನಿಜವೇ. ದೇಶದ ಯಾವ ಮೂಲೆಯಿಂದ ಆದಾಯ ತೆರಿಗೆ ರಿಟರ್ನ್ ಹಾಕಿದರೂ ಅದನ್ನು ಲೆಕ್ಕ ಹಾಕಿ ನೋಡುವುದು ನಮ್ಮ ಬೆಂಗಳೂರಿನ ಸಿಪಿಸಿ. ಅಂದರೆ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್. ಪಿನ್ ಕೋಡ್ 560500. ಗುವಾಹಟಿಯವರೂ ಗಾಂಧಿನಗರದವರೂ ಕಾಯುವುದು ಇದೇ ಊರಿನ ಕಡೆಗೆ. ಆದರೆ ಅಲ್ಲಿ ನಮ್ಮ ಫೈಲನ್ನು ಯಾರೂ ಮೇಜಿನ ಮೇಲೆ ಇಟ್ಟುಕೊಂಡು ಕೂತಿರುವುದಿಲ್ಲ. ಕೆಲಸವೆಲ್ಲ ಕಂಪ್ಯೂಟರಿನದು. ಬಸ್ ಹತ್ತಿ ಹೋಗಿ ಕೇಳುವ ವ್ಯವಹಾರ ಅಲ್ಲ. ಕೂತ್ಕೊಳ್ಳಿ ಮೇಷ್ಟ್ರೇ, ಕಾಫಿ ಕುಡಿಯಿರಿ, ಇಲ್ಲೇ ನೋಡೋಣ ಅಂತ ಲ್ಯಾಪ್‌ಟಾಪ್ ತೆರೆದೆ.

ಮೇಷ್ಟ್ರ ಲೆಕ್ಕ ಸರಳ. ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿ ಇಲ್ಲ. ಎಫ್‌ಡಿ ಬಡ್ಡಿ ವರ್ಷಕ್ಕೆ 1,84,000 ರೂಪಾಯಿ. ಬ್ಯಾಂಕಿನವರು ಶೇಕಡ 10ರಂತೆ 18,400 ರೂಪಾಯಿ ಟಿಡಿಎಸ್, ಅಂದರೆ ದುಡ್ಡು ಕೈಗೆ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿದ್ದರು. ಅವರಿಗೆ ತೆರಿಗೆಯೇ ಬರುವುದಿಲ್ಲ, ಹಾಗಾಗಿ ಅಷ್ಟೂ ವಾಪಸ್ ಬರಬೇಕು.

ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಲಾಗಿನ್ ಆಗಿ, ಹಾಕಿದ ರಿಟರ್ನ್‌ಗಳ ಪಟ್ಟಿ ತೆಗೆದೆ. ರಿಟರ್ನ್ ಪ್ರೊಸೆಸ್ ಆಗಿತ್ತು, ಅದೂ ಆಗಸ್ಟ್‌ನಲ್ಲೇ. ರೀಫಂಡ್ ಕೂಡ ಹೊರಟಿತ್ತು. ಆಮೇಲೆ ಒಂದು ಸಾಲು: ರೀಫಂಡ್ ಫೇಲ್ಡ್. ದುಡ್ಡು ಬ್ಯಾಂಕಿನ ಬಾಗಿಲವರೆಗೆ ಬಂದು ವಾಪಸ್ ಹೋಗಿತ್ತು. ಹೆಸರು ಹೊಂದುತ್ತಿಲ್ಲ ಅನ್ನುವುದೇ ಕಾರಣ.

ಈ ಹೆಸರಿನ ಗೋಳು ನಮ್ಮ ಕಡೆಯವರಿಗೆ ಜಾಸ್ತಿ. ನಮಗೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಮ್ಮಿ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಹೊಸಹಳ್ಳಿಯ ಸಿದ್ದಪ್ಪನವರ ಮಗ ನಾಗರಾಜು ಅಂತ ಇಟ್ಕೊಳ್ಳಿ. ಶಾಲೆಯ ದಾಖಲೆಯಲ್ಲಿ ಅವರು ಎಚ್.ಎಸ್. ನಾಗರಾಜು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಅಲ್ಲಿ ಅವರು ಹೊಸಹಳ್ಳಿ ಸಿದ್ದಪ್ಪ ನಾಗರಾಜು ಆದರು. ಆಧಾರ್ ಮಾಡಿಸುವಾಗ ನಾಗರಾಜ್ ಎಚ್ ಎಸ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ನಾಗರಾಜ. ಮನುಷ್ಯ ಒಬ್ಬನೇ. ಕಂಪ್ಯೂಟರಿಗೆ ನಾಲ್ಕು ಜನ. ಟಿಕೆಟ್ ಕೊಡುವ ಕಂಡಕ್ಟರಿಗಾದರೆ ಮುಖ ನೋಡಿದರೆ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಮುಖ ಕಾಣಿಸುವುದಿಲ್ಲವಲ್ಲ.

ನನ್ನ ಅನುಭವದಲ್ಲಿ ಸುಲಭದ ದಾರಿ ಇದು. ಪ್ಯಾನ್ ಮತ್ತು ಆಧಾರ್ ಎರಡರಲ್ಲೂ ಹೆಸರು ಸರಿಯಾಗಿದ್ದು, ಲಿಂಕ್ ಆಗಿದ್ದರೆ ಅವುಗಳನ್ನು ಮುಟ್ಟಬೇಡಿ. ಬ್ಯಾಂಕ್ ಶಾಖೆಗೆ ಹೋಗಿ, ಪ್ಯಾನ್ ಕಾರ್ಡಿನ ಜೆರಾಕ್ಸ್ ಕೊಟ್ಟು, ಪ್ಯಾನ್‌ನಲ್ಲಿ ಇರುವ ಹಾಗೆಯೇ ಖಾತೆಯ ಹೆಸರು ಮಾಡಿಕೊಡಿ ಅಂತ ಕೇಳಿ. ಆಮೇಲೆ ಪೋರ್ಟಲ್‌ಗೆ ಬಂದು, ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಿಸಿ. ಅಲ್ಲೇ ಪಕ್ಕದಲ್ಲಿ, ಈ ಖಾತೆಗೇ ರೀಫಂಡ್ ಬರಲಿ ಅಂತ ಆರಿಸುವ ಒಂದು ಗುಂಡಿ ಇರುತ್ತದೆ. ಬಹಳ ಜನ ಅದನ್ನು ಒತ್ತುವುದೇ ಇಲ್ಲ. ಒತ್ತಿ. ಆಮೇಲೆ ಸರ್ವಿಸಸ್ ಅನ್ನುವ ಕಡೆ ಹೋಗಿ ರೀಫಂಡ್ ರೀಇಶ್ಯೂ, ಅಂದರೆ ದುಡ್ಡು ಮತ್ತೆ ಕಳಿಸಿ ಅಂತ ಕೇಳಬೇಕು. ಖಾತೆ ಸರಿ ಮಾಡಿದ ಮಾತ್ರಕ್ಕೆ ದುಡ್ಡು ತಾನಾಗಿ ಬರುತ್ತದೆ ಅಂತ ಕಾಯುತ್ತಾ ಕೂತವರನ್ನು ನಾನು ಕಂಡಿದ್ದೇನೆ.

ಬ್ಯಾಂಕಿನ ಇನ್ನೊಂದು ಕಥೆ ಇದೆ. ನಮ್ಮ ನೆಲದಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳು ಮೂರೇ ವರ್ಷದ ಅಂತರದಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಕೆ.ಜಿ. ರಸ್ತೆಯಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್ ಅನ್ನುವ ಹೆಸರು ಉಳಿದಿದೆ, ಆ ಬ್ಯಾಂಕಿನ ಶಾಖೆಗಳನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಉಳಿದಿಲ್ಲ. ಹಳೆಯ ಚೆಕ್ ಪುಸ್ತಕ ನೋಡಿ ಕೋಡ್ ತುಂಬಿದರೆ ರೀಫಂಡ್ ಬರುವುದಿಲ್ಲ.

ಸರಿ, ಆಗಸ್ಟ್‌ನಲ್ಲೇ ಫೇಲ್ ಆಗಿದ್ದು ಮೇಷ್ಟ್ರಿಗೆ ನವೆಂಬರ್‌ವರೆಗೂ ಯಾಕೆ ಗೊತ್ತಾಗಲಿಲ್ಲ? ಇಮೇಲ್ ಬಂದಿತ್ತು. ಆದರೆ ಬಂದಿದ್ದು ಸೈಬರ್ ಸೆಂಟರ್ ಹುಡುಗನಿಗೆ. ರಿಟರ್ನ್ ಹಾಕಿಕೊಡುವಾಗ ಅವನು ತನ್ನದೇ ಇಮೇಲ್, ತನ್ನದೇ ಮೊಬೈಲ್ ನಂಬರ್ ಕೊಟ್ಟಿದ್ದ. ಅವನಿಗೆ ದಿನಕ್ಕೆ ಮೂವತ್ತು ಜನರ ಕೆಲಸ, ಇವರದನ್ನು ನೋಡುತ್ತಾನಾ? ಕೆಲವು ಆಡಿಟರುಗಳೂ ಹೀಗೇ ಮಾಡುತ್ತಾರೆ. ಕೆಟ್ಟ ಉದ್ದೇಶ ಅಂತಲ್ಲ, ಓಟಿಪಿಗೆ ಪದೇ ಪದೇ ಫೋನ್ ಮಾಡುವುದು ತಪ್ಪಲಿ ಅಂತ. ನೀವು ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಪ್ರೊಫೈಲ್‌ನಲ್ಲಿ ಯಾರ ಮೊಬೈಲ್ ಇದೆ, ಯಾರ ಇಮೇಲ್ ಇದೆ ನೋಡಿ. ನಿಮ್ಮದಲ್ಲದಿದ್ದರೆ ಬದಲಾಯಿಸಿ. ಪಾಸ್‌ವರ್ಡ್ ಕೂಡ ನಿಮ್ಮ ಹತ್ತಿರವೇ ಇರಲಿ.

ಇನ್ನು ರಿಟರ್ನ್ ಪ್ರೊಸೆಸ್ಸೇ ಆಗಿಲ್ಲ ಅನ್ನುವವರು ಮೊದಲು ನೋಡಬೇಕಾದ್ದು ವೆರಿಫಿಕೇಶನ್. ಸಬ್ಮಿಟ್ ಒತ್ತಿದರೆ ಅರ್ಧ ಕೆಲಸ ಆಯಿತು ಅಷ್ಟೇ. 30 ದಿನದೊಳಗೆ ಆಧಾರ್ ಓಟಿಪಿಯಿಂದಲೋ ನೆಟ್ ಬ್ಯಾಂಕಿಂಗಿನಿಂದಲೋ ವೆರಿಫೈ ಮಾಡಬೇಕು. ಇಲ್ಲವೇ ರಿಟರ್ನ್ ಹಾಕಿದಾಗ ಸಿಗುವ ಐಟಿಆರ್-ವಿ ಅನ್ನುವ ಹಾಳೆಗೆ ಸಹಿ ಹಾಕಿ, ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಆ 560500ಕ್ಕೆ ಕಳಿಸಬೇಕು. ತಡವಾದರೆ ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ. ಆಗ ಕೊನೆಯ ದಿನಾಂಕ ದಾಟಿದ್ದರೆ ಲೇಟ್ ಫೀಸು 5,000 ರೂಪಾಯಿವರೆಗೂ ಬೀಳುತ್ತದೆ. ಆದಾಯ 5 ಲಕ್ಷದೊಳಗಿದ್ದರೆ 1,000.

ಮುಂದಿನದು ಐಟಿ ಕಂಪನಿಗಳ ಮಕ್ಕಳ ವಿಷಯ. ಬೆಂಗಳೂರಿನಲ್ಲಿ ವರ್ಷದ ಮಧ್ಯೆ ಕೆಲಸ ಬದಲಾಯಿಸುವುದು ಮಾಮೂಲು. ಹಳೇ ಕಂಪನಿಯವರೂ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದವರಿಗೆ ವರ್ಷಕ್ಕೊಮ್ಮೆ ಸಿಗುವ ನಿಗದಿತ ರಿಯಾಯಿತಿ, ಕಳೆದು ತೆರಿಗೆ ಹಿಡಿಯುತ್ತಾರೆ. ಹಳೇ ಸಂಬಳ ಇಷ್ಟಿತ್ತು ಅಂತ ನೀವು ಹೇಳದಿದ್ದರೆ ಹೊಸಬರೂ ಶುರುವಿನಿಂದ ಹಾಗೇ ಮಾಡುತ್ತಾರೆ. ಸಂಬಳ ಎಷ್ಟು, ಹಿಡಿದ ತೆರಿಗೆ ಎಷ್ಟು ಅಂತ ಕಂಪನಿ ಕೊಡುವ ಕಾಗದ ಫಾರ್ಮ್ 16. ಎರಡು ಫಾರ್ಮ್ 16 ಕೂಡಿಸಿದಾಗ ರೀಫಂಡ್ ಇರಲಿ, ನೀವೇ ಕಟ್ಟಬೇಕಾಗಿ ಬರುತ್ತದೆ. ಒಂದೇ ಫಾರ್ಮ್ 16 ತೋರಿಸಿ ಸುಮ್ನೆ ಇದ್ದುಬಿಡೋಣ ಅಂದ್ರೆ ಆಗದು. ಎರಡೂ ಎಐಎಸ್‌ನಲ್ಲಿ ಕಾಣುತ್ತವೆ. ಎಐಎಸ್ ಅಂದರೆ ನಿಮ್ಮ ಸಂಬಳ, ಬಡ್ಡಿ, ಷೇರು, ಜಾಗ ಮಾರಿದ್ದು, ಎಲ್ಲವನ್ನೂ ಬರೆದಿಟ್ಟ ಇಲಾಖೆಯ ಚಿತ್ರಗುಪ್ತನ ಪುಸ್ತಕ. ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ ಫಾರ್ಮ್ 26ಎಎಸ್. ಅದನ್ನೂ ಎಐಎಸ್ ಅನ್ನೂ ನೋಡದೆ ರಿಟರ್ನ್ ಹಾಕಬೇಡಿ.

ಮನೆ ಬಾಡಿಗೆಯದೊಂದು ತಮಾಷೆ. ಬಾಡಿಗೆ ನಮ್ಮಲ್ಲೂ ಕಮ್ಮಿಯೇನಲ್ಲ. ಆದರೆ 2024-25ರ ಲೆಕ್ಕದಲ್ಲೂ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ನಿಯಮಕ್ಕೆ ಬೆಂಗಳೂರು ಮಹಾನಗರವೇ ಆಗಿರಲಿಲ್ಲ. ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈಗೆ ವಿನಾಯಿತಿಯ ಮಿತಿ ಮೂಲ ಸಂಬಳದ ಶೇಕಡ 50 ಇತ್ತು, ನಮಗೆ 40. ಐವತ್ತು ಹಾಕಿ ರೀಫಂಡ್ ಕೇಳಿದವರದು ಸಿಕ್ಕಿಹಾಕಿಕೊಂಡಿದೆ.

ಬೇಸರದ ಒಂದು ಬಗೆ ಇದೆ. ಕಂಪನಿ ಸಂಬಳದಲ್ಲಿ ಟಿಡಿಎಸ್ ಹಿಡಿಯುತ್ತದೆ, ಸರ್ಕಾರಕ್ಕೆ ಕಟ್ಟುವುದಿಲ್ಲ, ಕೊನೆಗೆ ಬಾಗಿಲು ಹಾಕುತ್ತದೆ. 26ಎಎಸ್‌ನಲ್ಲಿ ಆ ದುಡ್ಡಿನ ಸುಳಿವಿಲ್ಲ. ಸಿಪಿಸಿ ಲೆಕ್ಕ ಹಾಕಿ, ನೀವೇ ಕಟ್ಟಿ ಅನ್ನುತ್ತದೆ. 1961ರ ಕಾಯ್ದೆಯ ಸೆಕ್ಷನ್ 205 ಇಲ್ಲಿ ನಿಮ್ಮ ಪರ ಇದೆ. ಸಂಬಳದಿಂದ ಹಿಡಿದಾಗಿರುವ ತೆರಿಗೆಯನ್ನು ಮತ್ತೆ ನಿಮ್ಮಿಂದ ಕೇಳುವ ಹಾಗಿಲ್ಲ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನ ಮಾಡಿ, ಈ ಡಿಮ್ಯಾಂಡ್, ಅಂದರೆ ಬಾಕಿ ಕಟ್ಟಿ ಅನ್ನುವ ಬೇಡಿಕೆ, ಒಪ್ಪುವುದಿಲ್ಲ ಅಂತ ಪೋರ್ಟಲ್‌ನಲ್ಲೇ ಬರೆಯಿರಿ. ಓಡಾಟ ಇದೆ, ಸುಳ್ಳು ಹೇಳುವುದಿಲ್ಲ.

ಅಂದ ಹಾಗೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಆದಾಯಕ್ಕೆ ಹಳೇ ಕಾಯ್ದೆ, ಹಳೇ ಸೆಕ್ಷನ್ ನಂಬರುಗಳೇ.

ಆ ನಂಬರುಗಳಲ್ಲಿ ಜನ ಹೆದರುವುದು 143(1)ಕ್ಕೆ. ನಮ್ಮ ನಾದಿನಿ ದಾವಣಗೆರೆಯಿಂದ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಭಾವ, ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬಂದೈತಿ" ಅಂತ ಅಳುವ ದನಿಯಲ್ಲಿ ಹೇಳಿದಳು. ಅದು ನೋಟಿಸ್ ಅಲ್ಲ, ಇಂಟಿಮೇಶನ್. ನಿಮ್ಮ ಲೆಕ್ಕ ನೋಡಿದ್ದೇವೆ ಅನ್ನುವ ಕಾಗದ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ನಂಬರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನ, ತಿಂಗಳು, ವರ್ಷ. ಒಳಗೆ ಎರಡು ಕಾಲಂ. ಒಂದು ನೀವು ಕೊಟ್ಟ ಲೆಕ್ಕ, ಇನ್ನೊಂದು ಅವರು ಹಾಕಿದ ಲೆಕ್ಕ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಇಳಿಯಿರಿ. ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲಿದೆ ಗಂಟು. ನಾದಿನಿಯದು ಎರಡೂ ಒಂದೇ ಇತ್ತು, ಎರಡು ಸಾವಿರ ಚಿಲ್ಲರೆ ರೀಫಂಡ್ ಬರುವುದಿತ್ತು! ತಪ್ಪು ಅವರ ಕಡೆಯದಾದರೆ ರೆಕ್ಟಿಫಿಕೇಶನ್, ಅಂದರೆ ಲೆಕ್ಕ ತಿದ್ದಿ ಅನ್ನುವ ಅರ್ಜಿ ಹಾಕಿ. ನಮ್ಮದಾದರೆ, ಗಡುವು ಇದ್ದರೆ, ರಿವೈಸ್ಡ್ ರಿಟರ್ನ್, ಅಂದರೆ ತಿದ್ದಿದ ರಿಟರ್ನ್.

245 ಅಂತ ಬಂದರೆ ಮಾತ್ರ ತಡ ಮಾಡಬೇಡಿ. ಯಾವುದೋ ಹಳೇ ವರ್ಷದ ಬಾಕಿ ಇದೆ, ಈ ರೀಫಂಡಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಅದರ ಅರ್ಥ. ಉತ್ತರಕ್ಕೆ 21 ದಿನ. ಸುಮ್ಮನಿದ್ದರೆ ಮುರಿದುಕೊಳ್ಳುತ್ತಾರೆ. ರಿಟರ್ನ್‌ನಲ್ಲೇ ದೋಷ ಇದೆ ಅಂತ 139(9) ಬಂದರೆ 15 ದಿನ.

ಮೋಸದ ಎಸ್‌ಎಂಎಸ್ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಅಂತ ಬಂದರೆ ಅಳಿಸಿಬಿಡಿ. ಇಲಾಖೆ ನಿಮ್ಮ ಎಟಿಎಂ ಪಿನ್ ಕೇಳುವುದಿಲ್ಲ. ಹಾಗೆಯೇ ಕಮಿಷನ್ ಕೊಟ್ಟರೆ ದೊಡ್ಡ ರೀಫಂಡ್ ಕೊಡಿಸ್ತೀನಿ ಅಂತ ಬರುವ ಏಜೆಂಟರು. ಕೊಡದ ದೇಣಿಗೆ, ಇಲ್ಲದ ವಿಮೆ ತೋರಿಸುತ್ತಾರೆ. 2025ರ ಜುಲೈಯಲ್ಲಿ ಇಲಾಖೆ ಇಂಥವರ ಮೇಲೆ ದೇಶದಾದ್ಯಂತ ಕ್ರಮಕ್ಕೆ ಇಳಿಯಿತು. ಕಮಿಷನ್ ತಿಂದವನು ಮಾಯವಾಗುತ್ತಾನೆ. ದಂಡದ ಕಾಗದ ಬರುವುದು ನಿಮ್ಮ ಪ್ಯಾನ್‌ಗೆ.

ಎಲ್ಲ ಸರಿಯಿದ್ದೂ ರೀಫಂಡ್ ಬಾರದಿದ್ದರೆ ಪೋರ್ಟಲ್‌ನಲ್ಲಿ ಗ್ರೀವೆನ್ಸ್, ಅಂದರೆ ದೂರು ಹಾಕಿ, ಅಥವಾ 1800 103 0025ಕ್ಕೆ ಫೋನ್ ಮಾಡಿ. ಬೆಳಿಗ್ಗೆಯೇ ಮಾಡಿ, ಪ್ಯಾನ್ ನಂಬರು ಕೈಯಲ್ಲಿರಲಿ.

ಮೇಷ್ಟ್ರ ದುಡ್ಡು ಡಿಸೆಂಬರ್‌ನಲ್ಲಿ ಬಂತು. 18,860 ರೂಪಾಯಿ. 460 ರೂಪಾಯಿ ಹೆಚ್ಚಿಗೆ ಯಾಕೆ ಕೊಟ್ಟರು ಅಂತ ಮತ್ತೆ ಬಟ್ಟೆ ಚೀಲ ಹಿಡಿದು ಬಂದರು. ಅದು ಬಡ್ಡಿ ಮೇಷ್ಟ್ರೇ, ತಿಂಗಳಿಗೆ ಅರ್ಧ ಪರ್ಸೆಂಟು, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು. ಆಮೇಲಿನದಕ್ಕೆ ಇಲ್ಲ, ತಡ ನಮ್ಮ ಕಡೆಯದಲ್ವಾ ಅಂದೆ. ಮುಂದಿನ ರಿಟರ್ನ್‌ನಲ್ಲಿ ಈ 460 ರೂಪಾಯಿಯನ್ನೂ ಆದಾಯ ಅಂತ ತೋರಿಸಬೇಕು ಅಂದಾಗ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಏಪ್ರಿಲ್ ಮೊದಲ ವಾರ ಬ್ಯಾಂಕಿಗೆ ಹೋಗಿ ಫಾರ್ಮ್ ಕೊಟ್ಟು ಬಂದಿದ್ದಾರೆ, ಈ ಸಲ ಟಿಡಿಎಸ್ಸೇ ಹಿಡಿಯಬೇಡಿ ಅಂತ.

ನಮಸ್ಕಾರ.