ತಾಮ್ರ ಎಣಿಸಿ, ಬೆಳ್ಳಿ ತೂಗಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಎಷ್ಟು ಜನರ ಪರ್ಸಿನಲ್ಲಿ ಕೆಂಪು ದಾರದಿಂದ ಕಟ್ಟಿದ, ನಡುವೆ ತೂತಿರುವ ಮೂರು ಚೀನೀ ನಾಣ್ಯಗಳಿವೆ? ಸಂಕೋಚ ಬೇಡ, ಕೈ ಎತ್ತಿ. ಹ್ಞಾ, ಐದಾರು ಕೈ ಕಾಣುತ್ತಿವೆ. ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡವರನ್ನೂ ಸೇರಿಸಿದರೆ ಇನ್ನೂ ಜಾಸ್ತಿಯಾದೀತು. ಫೆಂಗ್ ಶುಯಿ ಅಂಗಡಿಯಿಂದ ತಂದ ಆ ನಾಣ್ಯಗಳು ಮನೆಗೆ ಹಣ ತರುತ್ತವೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಅವು ಬಹುಪಾಲು ಈಚೆಗೆ ಎರಕ ಹೊಯ್ದ ನಕಲುಗಳು ಎನ್ನುವುದಷ್ಟೇ ನನ್ನ ತಕರಾರು. ಅಸಲಿ ಹೇಗಿರುತ್ತದೆ ಎಂದು ತೋರಿಸಲು ಈ ತಟ್ಟೆಯಲ್ಲಿ ಒಂಬತ್ತು ನಾಣ್ಯ ಕಳಿಸುತ್ತಿದ್ದೇನೆ. ಅಂಚು ಹಿಡಿದು ನೋಡಿ, ಮುಖ ಮುಟ್ಟಬೇಡಿ. ಈಗ ತಾನೇ ಬೋಂಡ ತಿಂದ ಕೈಯಂತೂ ಬೇಡವೇ ಬೇಡ.

ನಾನು ಮೂವತ್ತು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು. ಎಣಿಸುವುದು ನನ್ನ ಉದ್ಯೋಗವಾಗಿತ್ತು. ಚೀನಾದ ಹಳೆಯ ನಾಣ್ಯಗಳ ಹುಚ್ಚು ಹಿಡಿದ ಮೇಲೆ ತೂಗುವುದನ್ನೂ ಕಲಿತೆ. ಆ ದೇಶದಲ್ಲಿ ನೂರಾರು ವರ್ಷ ನಡೆದದ್ದೇ ಹಾಗೆ: ತಾಮ್ರವನ್ನು ಎಣಿಸುತ್ತಿದ್ದರು, ಬೆಳ್ಳಿಯನ್ನು ತೂಗುತ್ತಿದ್ದರು. ಈ ಒಂದು ಮಾತು ತಲೆಯಲ್ಲಿದ್ದರೆ ಯಾವ ನಾಣ್ಯದಲ್ಲಿ ಏನು ನೋಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ತಾಮ್ರ. ತಟ್ಟೆಯಲ್ಲಿ ಹಳದಿ ಬಣ್ಣದ, ನಡುವೆ ಚೌಕ ತೂತಿರುವುದನ್ನು ಎತ್ತಿಕೊಳ್ಳಿ. ಇಂಗ್ಲಿಷಿನಲ್ಲಿ ನಾಣ್ಯ ಸಂಗ್ರಾಹಕರು ಇದನ್ನು 'ಕ್ಯಾಶ್' ಎನ್ನುತ್ತಾರೆ. ಬ್ಯಾಂಕಿನ ಕ್ಯಾಶ್ ಅಲ್ಲ, ಅದರ ಹುಟ್ಟೇ ಬೇರೆ. ಇದು ನಮ್ಮ ದಕ್ಷಿಣದ ಕಾಸು. ತಮಿಳಿನ ಕಾಸು ಪೋರ್ಚುಗೀಸರ ಬಾಯಲ್ಲಿ 'ಕೈಷಾ' ಆಯಿತು, ಅಲ್ಲಿಂದ ಇಂಗ್ಲಿಷರ ಬಾಯಿಗೆ ಬಂದು ಚೀನಾದ ನಾಣ್ಯಕ್ಕೆ ಅಂಟಿಕೊಂಡಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಗುರುತಿನ ತಾಮ್ರದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿ 'ಕ್ಯಾಶ್' ಎಂದೂ ಇರುವುದನ್ನು ನಿಮ್ಮಲ್ಲಿ ಮೈಸೂರು ನಾಣ್ಯ ಕೂಡಿಡುವವರು ನೋಡಿಯೇ ಇರುತ್ತೀರಿ. ಕಾಸಿದ್ದರೆ ಕೈಲಾಸ ಎನ್ನುವ ನಾವು, ಕಾಸು ಚೀನಾಕ್ಕೆ ಹೋದ ದಾರಿಯನ್ನು ಮಾತ್ರ ಮರೆತಿದ್ದೇವೆ.

ನಿಮ್ಮ ಕೈಯಲ್ಲಿರುವುದು ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದ್ದು, 1736ರಿಂದ 1795ರ ನಡುವಿನದು. ಹಿತ್ತಾಳೆ, ಸುಮಾರು 4 ಗ್ರಾಂ. ನಾಲ್ಕು ಚೀನೀ ಅಕ್ಷರಗಳಿವೆಯಲ್ಲ, ಓದುವ ಕ್ರಮ ಮೇಲೆ, ಕೆಳಗೆ, ಬಲ, ಎಡ. ಮೊದಲು ಓದುವ ಎರಡು ಆಳ್ವಿಕೆಯ ಹೆಸರು, ಉಳಿದೆರಡು 'ಚಲಾವಣೆಯ ಹಣ' ಎನ್ನುತ್ತವೆ. ಮಗುಚಿ ಹಾಕಿ. ಹಿಂದೆ ಇರುವುದು ಚೀನೀ ಅಲ್ಲ, ಮಂಚು ಲಿಪಿ; ಆಳುತ್ತಿದ್ದವರು ಮಂಚುಗಳು. ಎಡಗಡೆಯದು ಎಲ್ಲದರಲ್ಲೂ ಒಂದೇ. ಬಲಗಡೆಯದು ಟಂಕಸಾಲೆಯ ಹೆಸರು. ಬೀಜಿಂಗಿನಲ್ಲೇ ಎರಡು ಟಂಕಸಾಲೆಗಳಿದ್ದವು, ಒಂದು ಕಂದಾಯ ಇಲಾಖೆಯದು, ಇನ್ನೊಂದು ಕಾಮಗಾರಿ ಇಲಾಖೆಯದು. ಆ ಬಲಗಡೆಯ ಗೀಚನ್ನು ಗುರುತಿಸಲು ಬಂದ ದಿನ ನೀವು ಸಂಗ್ರಾಹಕರು, ಅಲ್ಲಿಯವರೆಗೆ ಬರೀ ಕೂಡಿಡುವವರು.

ತೂತು ಚೌಕವಾಗಿ ಯಾಕಿದೆ? ಆಕಾಶ ದುಂಡು, ಭೂಮಿ ಚೌಕ ಎಂಬ ತತ್ತ್ವವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅಕ್ಕಸಾಲಿಗರ ಉತ್ತರವೇ ಹೆಚ್ಚು ಇಷ್ಟ. ಇದು ಅಚ್ಚು ಒತ್ತಿದ ನಾಣ್ಯವಲ್ಲ, ಎರಕದ್ದು. ಮಾದರಿ ನಾಣ್ಯವನ್ನು ನಯವಾದ ಮರಳಿಗೆ ಒತ್ತಿ, ಸಾಲುಸಾಲು ಗುಳಿಗಳಿಗೆ ಕಾಲುವೆ ಕೂಡಿಸಿ, ಕರಗಿದ ಲೋಹ ಸುರಿಯುತ್ತಿದ್ದರು. ಮರಳು ಒಡೆದರೆ ಒಳಗೆ ಕೊಂಬೆಗಳಲ್ಲಿ ಕಾಯಿ ಬಿಟ್ಟ ಹಾಗೆ ನಾಣ್ಯಗಳು. ಅದನ್ನು 'ಹಣದ ಮರ' ಎಂದೇ ಕರೆಯುತ್ತಿದ್ದರು. ಮುರಿದುಕೊಂಡ ಕಾಯಿಗಳ ಅಂಚು ಒರಟು. ಅವನ್ನು ಒಂದು ಚೌಕ ಸಲಾಕೆಗೆ ಪೋಣಿಸಿ ಅರದಿಂದ ಉಜ್ಜುತ್ತಿದ್ದರು. ತೂತು ದುಂಡಗಿದ್ದರೆ ನಾಣ್ಯ ಗಿರಗಿರ ತಿರುಗುತ್ತದೆ, ಚೌಕವಿದ್ದರೆ ಕಚ್ಚಿಕೊಂಡು ಕೂರುತ್ತದೆ. ಭೂತಗನ್ನಡಿಯಲ್ಲಿ ಅಂಚು ನೋಡಿ, ಒಂದೇ ದಿಕ್ಕಿಗೆ ಸಾಗಿದ ಅರದ ಗೀರುಗಳು ಕಂಡರೆ ಮನಸ್ಸಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಹೊಸಬರಿಗೆ ನನ್ನ ಸಲಹೆ, ಇಲ್ಲಿಂದಲೇ ಶುರು ಮಾಡಿ. ಉತ್ತರ ಸೋಂಗ್ ವಂಶದವರು 11ನೇ ಶತಮಾನದಲ್ಲಿ ಇಂಥವನ್ನು ಎಷ್ಟು ಎರಕ ಹೊಯ್ದರೆಂದರೆ, 1080ರ ಸುಮಾರಿಗೆ ವರ್ಷಕ್ಕೆ 50 ಲಕ್ಷ ಸರಕ್ಕೂ ಮಿಕ್ಕಿತ್ತು. ಸರವೆಂದರೆ ಲೆಕ್ಕಕ್ಕೆ ಸಾವಿರ ನಾಣ್ಯ. ಹಾಗಾಗಿ ಸಾವಿರ ವರ್ಷದ ಹಿಂದಿನ ನಾಣ್ಯವಾದರೂ ಸಾಮಾನ್ಯ ಬಗೆಯದಕ್ಕೆ ಮಹಾ ಬೆಲೆಯೇನಿಲ್ಲ. ಇಂಥ ನಾಣ್ಯದ ಗಂಟುಗಳು ತಂಜಾವೂರು ಸೀಮೆಯಲ್ಲೂ ನೆಲದಡಿ ಸಿಕ್ಕಿವೆ. ಆ ವಂಶದ ಹುಯಿಝೋಂಗ್ ಚಕ್ರವರ್ತಿ ರಾಜ್ಯಭಾರದಲ್ಲಿ ಎಡವಿದ, ಆದರೆ ಕೈಬರಹದಲ್ಲಿ ಅವನಿಗೆ ಸಾಟಿಯಿಲ್ಲ. ಅವನ ಕಾಲದ ದೊಡ್ಡ ನಾಣ್ಯಗಳ ಮೇಲೆ ಅವನದೇ ಸಪೂರ, ಚೂಪಾದ ಅಕ್ಷರಗಳಿವೆ. ದೊರೆಯ ಹಸ್ತಾಕ್ಷರವನ್ನು ಕೂಲಿಯವನ ಜೇಬಿಗೆ ಹಾಕಿದ ಬೇರೆ ದೇಶ ನನಗೆ ಗೊತ್ತಿಲ್ಲ. ಇನ್ನು ಕಾಂಗ್ಶಿ ಚಕ್ರವರ್ತಿಯ ಕಾಲದ ಇಪ್ಪತ್ತು ಟಂಕಸಾಲೆಗಳ ಹೆಸರನ್ನು ಜೋಡಿಸಿ ಜನ ಒಂದು ಪುಟ್ಟ ಪದ್ಯ ಮಾಡಿದ್ದರು. ಇಪ್ಪತ್ತೂ ನಾಣ್ಯ ಒಟ್ಟುಗೂಡಿಸಿ ಇಟ್ಟುಕೊಂಡರೆ ಶುಭ ಎಂಬ ನಂಬಿಕೆ. ಪರ್ಸಿನಲ್ಲಿ ಮೂರು ಇಟ್ಟುಕೊಂಡವರು ಇನ್ನು ಹದಿನೇಳಕ್ಕೆ ಹುಡುಕಾಡಬಹುದು.

ಎಣಿಕೆ ನಡೆಯುವುದು ನಂಬಿಕೆ ಇರುವಷ್ಟು ದಿನ. ತೈಪಿಂಗ್ ದಂಗೆಯಲ್ಲಿ ಯುನ್ನಾನ್ ಪ್ರಾಂತ್ಯದ ತಾಮ್ರ ಬರುವ ದಾರಿ ಕಟ್ಟಾದಾಗ, 1853ರಿಂದ ಶಿಯಾನ್‌ಫೆಂಗ್ ಚಕ್ರವರ್ತಿಯ ಸರಕಾರ ಹತ್ತು, ಐವತ್ತು, ನೂರು ಕಾಸಿನ ನಾಣ್ಯ ಹೊರಡಿಸಿತು, ಸಾವಿರದ್ದೂ ಬಂತು. ತಟ್ಟೆಯಲ್ಲಿ ಅಂಗೈ ತುಂಬುವಂಥದ್ದೊಂದು ಇದೆಯಲ್ಲ, ಅದು ಆ ಕಾಲದ್ದು. ಮುಖದ ಮೇಲೆ ಬರೆದ ಕಾಸುಗಳಷ್ಟು ತಾಮ್ರ ಅದರಲ್ಲಿಲ್ಲ. ಸಂತೆಯಲ್ಲಿ ತರಕಾರಿ ಮಾರುವವಳಿಗೆ ಇದು ಒಂದೇ ದಿನಕ್ಕೆ ತಿಳಿಯಿತು, ಬೆಲೆಗಳು ಏರಿದವು. ಸಂಗ್ರಾಹಕರಿಗೆ ಮಾತ್ರ ಶಿಯಾನ್‌ಫೆಂಗ್ ಕಾಲ ಹಬ್ಬ. ಅಷ್ಟು ಬಗೆ, ಅಷ್ಟು ಗಾತ್ರ. ಜನರ ಕಷ್ಟಕಾಲ ನಮಗೆ ಸುಗ್ಗಿಯಾಗುವುದು ಈ ಹವ್ಯಾಸದ ಕೆಟ್ಟ ಗುಣ.

ಬೆಳ್ಳಿಗೆ ಬರೋಣ. ಬೆಳ್ಳಿಯನ್ನು ಚೀನಾ ಬಹಳ ಕಾಲ ನಾಣ್ಯ ಮಾಡಲೇ ಇಲ್ಲ ಎನ್ನಬಹುದು. ದೋಣಿಯಾಕಾರದ ಗಟ್ಟಿಗಳು ಇದ್ದವು, ಕತ್ತರಿಸಿ ತೂಗಿ ಕೊಡುತ್ತಿದ್ದರು. ತೂಕದ ಮಾನ ಎಲ್ಲಿಂದ ಬಂತು ನೋಡಿ. 621ರಲ್ಲಿ ಟಾಂಗ್ ವಂಶದವರು ಹೊಸ ತಾಮ್ರದ ನಾಣ್ಯ ತಂದಾಗ, ಹತ್ತು ನಾಣ್ಯ ತೂಗಿದರೆ ಒಂದು 'ಲಿಯಾಂಗ್' ಬರುವಂತೆ ಎರಕ ಹೊಯ್ದರು. ಹೀಗಾಗಿ 'ಚಿಯಾನ್', ಅಂದರೆ ಕಾಸು ಎಂಬ ಮಾತೇ ಲಿಯಾಂಗಿನ ಹತ್ತನೇ ಒಂದು ಭಾಗದ ತೂಕಕ್ಕೂ ಹೆಸರಾಯಿತು. ಎಣಿಸುವ ತಾಮ್ರ ತೂಗುವ ಬೆಳ್ಳಿಗೆ ತೂಕದ ಕಲ್ಲಾಯಿತು.

ಇಲ್ಲಿ ಇನ್ನೊಂದು ಮೋಜಿದೆ. ಯಂತ್ರದಲ್ಲಿ ಅಚ್ಚೊತ್ತಿದ ಬೆಳ್ಳಿ ಡಾಲರನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದವನು ಗ್ವಾಂಗ್‌ಡಾಂಗಿನ ರಾಜಪ್ರತಿನಿಧಿ ಜಾಂಗ್ ಝಿಡಾಂಗ್, 1889ರಲ್ಲಿ. ಯಂತ್ರಗಳು ಬರ್ಮಿಂಗ್‌ಹ್ಯಾಮಿನಿಂದ ಬಂದವು. ಒಂದು ಮುಖದಲ್ಲಿ ಸುತ್ತಿಕೊಂಡ ಡ್ರ್ಯಾಗನ್, ಅಂಚಿನಲ್ಲಿ ಇಂಗ್ಲಿಷಿನಲ್ಲಿ ತೂಕ: '7 ಮೇಸ್ 2 ಕ್ಯಾಂಡರೀನ್'. ಈ ಮೇಸ್ ಎಂದರೆ ಅದೇ ಚಿಯಾನ್, ಕ್ಯಾಂಡರೀನ್ ಅದರ ಹತ್ತನೇ ಒಂದು ಭಾಗ. ಇಂಗ್ಲಿಷಿಗೆ ಮೇಸ್ ಬಂದದ್ದು ಮಲಯ ಭಾಷೆಯ 'ಮಾಸ್'ನಿಂದ, ಮಲಯಕ್ಕೆ ಸಂಸ್ಕೃತದ 'ಮಾಷ'ದಿಂದ. ಮಾಷವೆಂದರೆ ಉದ್ದು. ಬೆಳಿಗ್ಗೆ ಇಡ್ಲಿಗೆ ನೆನೆಹಾಕುವ ಉದ್ದಿನ ಕಾಳು ಚೀನಾದ ಡ್ರ್ಯಾಗನ್ ಸುತ್ತ ಕೂತಿದೆ!

ಅದಕ್ಕೂ ಮೊದಲು ಓಡಾಡಿದ್ದು ಪರದೇಶದ ಬೆಳ್ಳಿ. ಸ್ಪೇನಿನ ಡಾಲರು, ಆಮೇಲೆ ಮೆಕ್ಸಿಕೋದ ಹದ್ದಿನ ಡಾಲರು. ಪರಕೀಯರ ನಾಣ್ಯವನ್ನು ಕಣ್ಣುಮುಚ್ಚಿ ಯಾರು ತೆಗೆದುಕೊಳ್ಳುತ್ತಾರೆ? ಪರೀಕ್ಷೆ ಮಾಡುವವರು ಒಂದೊಂದನ್ನೂ ತೂಗಿ, ಬಡಿದು ನಾದ ಕೇಳಿ, ಒಪ್ಪಿಗೆಯಾದರೆ ತಮ್ಮ ಪುಟ್ಟ ಮುದ್ರೆ ಒತ್ತಿ ಬಿಡುತ್ತಿದ್ದರು. ಇಂಥ ಮುದ್ರೆಗೆ ಇಂಗ್ಲಿಷಿನಲ್ಲಿ 'ಚಾಪ್', ನಮ್ಮ ಛಾಪಾ ಕಾಗದದ ಛಾಪೇ ಅದು. ಆ ಪರೀಕ್ಷಕರನ್ನು ಇಂಗ್ಲಿಷರು 'ಶ್ರಾಫ್' ಎಂದರು. ನಮ್ಮ ಸರಾಫ, ಹಳೆಗನ್ನಡದವರ ಚಿನಿವಾರ. ಹಾಂಗ್‌ಕಾಂಗಿನಲ್ಲಿ ವಾಹನ ನಿಲ್ಲಿಸಿ ದುಡ್ಡು ಕಟ್ಟುವ ಕಿಂಡಿಯ ಮೇಲೆ ಇವತ್ತಿಗೂ 'ಶ್ರಾಫ್' ಎಂಬ ಬೋರ್ಡು ಇರುತ್ತದೆ. ಉತ್ತರ ಕರ್ನಾಟಕದ ಸರಾಫ್ ಬಜಾರಿನವರು ಅಲ್ಲಿಗೆ ಹೋದರೆ ತಮ್ಮವರೇ ಯಾರೋ ಇದ್ದಾರೆ ಎಂದುಕೊಂಡಾರು. ಛಾಪು ಬಿದ್ದ ನಾಣ್ಯವನ್ನು ಕೆಲವರು ಗಾಯವಾದದ್ದು ಎಂದು ಕಡೆಗಣಿಸುತ್ತಾರೆ. ನಾನು ಒಪ್ಪುವುದಿಲ್ಲ. ಪಳಪಳ ಹೊಳೆಯುವ ನಾಣ್ಯ ಎಲ್ಲೋ ಪೆಟ್ಟಿಗೆಯಲ್ಲಿ ಮಲಗಿತ್ತು ಎಂದಷ್ಟೇ ಅರ್ಥ, ಛಾಪು ಬಿದ್ದದ್ದು ಕೆಲಸ ಮಾಡಿದೆ.

ತಟ್ಟೆಯಲ್ಲಿ ತ್ರಿಶೂಲ ಹಿಡಿದು ನಿಂತ ಹೆಂಗಸಿನ ನಾಣ್ಯವಿದೆ, ನೋಡಿ. 1895ರಿಂದ 1935ರವರೆಗೆ ಹಾಂಗ್‌ಕಾಂಗ್ ಮತ್ತು ಮಲಯದ ಕಡೆಯ ವ್ಯಾಪಾರಕ್ಕೆಂದು ಒತ್ತಿದ ಬ್ರಿಟಿಷ್ ಡಾಲರು. ಹಿಂದೆ ಚೀನೀ ಮತ್ತು ಮಲಯ ಬರಹ. ತ್ರಿಶೂಲದ ನಡುವಿನ ಮೊನೆಯಲ್ಲಿ ಕಣ್ಣಿಟ್ಟು ಹುಡುಕಿದರೆ ಸಣ್ಣ 'ಬಿ' ಅಕ್ಷರ ಸಿಗುತ್ತದೆ. ಬಿ ಅಂದರೆ ಬಾಂಬೆ. ಕೋಟೆ ಭಾಗದ ಅದೇ ಟಂಕಸಾಲೆ, ನಮ್ಮ ರೂಪಾಯಿ ಒತ್ತಿದ್ದೇ ಅಲ್ಲಿ. ಅಫೀಮಿನ ಬೆಲೆಯಾಗಿ ಚೀನಾದಿಂದ ಬೆಳ್ಳಿ ಹೊತ್ತು ತಂದ ಬಂದರಿನಿಂದಲೇ ಮುಂದೆ ಬೆಳ್ಳಿ ವಾಪಸ್ ಹೋಯಿತು.

ಈಗ ನನ್ನ ಪೆದ್ದುತನದ ಕತೆ. ಚೀನೀ ಬೆಳ್ಳಿಯಲ್ಲಿ ಎಲ್ಲರಿಗೂ ಬೇಕಾದದ್ದು ಚೀನೀ ಗಣರಾಜ್ಯದ ಅಧ್ಯಕ್ಷನಾಗಿದ್ದ ಯುವಾನ್ ಶಿಕಾಯ್ ತಲೆಯ ಡಾಲರು, ಅವರ ಬಾಯಲ್ಲಿ 'ಯುವಾನ್ ದೊಡ್ಡತಲೆ'. ಗಣರಾಜ್ಯದ 3ನೇ ವರ್ಷ, ಅಂದರೆ 1914ರಲ್ಲಿ ಶುರುವಾಯಿತು. ಅಚ್ಚು ಕೊರೆದವನು ಲುಯಿಜಿ ಜಾರ್ಜಿ ಎಂಬ ಇಟಲಿಯವನು. ಯುವಾನ್ 1916ರಲ್ಲಿ ಸತ್ತ, ಅವನ ತಲೆ ಮಾತ್ರ 8, 9, 10ನೇ ವರ್ಷದ ನಾಣ್ಯಗಳಲ್ಲೂ ಮುಂದುವರಿಯಿತು. 1950ರ ದಶಕದ ಮೊದಲಲ್ಲಿ ಚೀನೀ ಸೇನೆ ಟಿಬೆಟ್ಟಿನಲ್ಲಿ ಹಂಚಿದ್ದೂ ಇಂಥ ಬೆಳ್ಳಿ ಡಾಲರುಗಳನ್ನೇ, ಯಾಕೆಂದರೆ ಅಲ್ಲಿ ಕಾಗದದ ನೋಟನ್ನು ಮೂಸುವವರಿರಲಿಲ್ಲ. ಇಂಥ ದೊಡ್ಡತಲೆಯೊಂದನ್ನು ಒಂದು ಊರಿನ ನಾಣ್ಯ ಮೇಳದಲ್ಲಿ ಕಂಡೆ. ಜೇಬಿನ ತಕ್ಕಡಿಯಲ್ಲಿಟ್ಟೆ, 26.5 ಗ್ರಾಂ. ಸರಿಯಾದ ತೂಕವೇ. ಉಗುರಿನ ಮೇಲೆ ನಿಲ್ಲಿಸಿ ಅಂಚಿಗೆ ಉಫ್ ಎಂದು ಊದಿ ಕಿವಿಗಿಟ್ಟರೆ ಸಣ್ಣಗೆ ಗುಂಯ್ ಎನ್ನಬೇಕು. ಚೀನಾದಲ್ಲಿ ಹಾಗೆ ಪರೀಕ್ಷಿಸುತ್ತಿದ್ದರು. ಮೇಳದ ಗದ್ದಲದಲ್ಲಿ ನನಗೆ ಕೇಳಿಸಿದ್ದು ನನ್ನ ಆಸೆಯೇ ಇರಬೇಕು. ದುಡ್ಡು ಕೊಟ್ಟೆ.

ಮನೆಗೆ ಬಂದು ಈ ಕೆಲಸ ಮಾಡಿದೆ, ಈಗ ಇಲ್ಲೂ ಮಾಡಿ ತೋರಿಸುತ್ತೇನೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರು. ಸೊನ್ನೆಗೆ ತಂದೆ. ನಾಣ್ಯಕ್ಕೆ ಹೂ ಕಟ್ಟುವ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಇಳಿಬಿಡುವುದು. ಇದು ಅಸಲಿ, ತೂಕ 26.7. ತಕ್ಕಡಿ ತೋರಿಸುತ್ತಿರುವುದು 2.6, ಮುಂದಿನವರಿಗೆ ಕಾಣುತ್ತಿದೆಯಲ್ಲ? ತೂಕವನ್ನು ಇದರಿಂದ ಭಾಗಿಸಿದರೆ 10.3ರ ಹತ್ತಿರ, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ. ನೂರಕ್ಕೆ 89, 90 ಬೆಳ್ಳಿ, ಮಿಕ್ಕದ್ದು ತಾಮ್ರ ಇದ್ದರೆ ಅಷ್ಟೇ ಬರಬೇಕು. ಇದು ನಾನು ಮೇಳದಲ್ಲಿ ಕೊಂಡದ್ದು. 3.1. ಭಾಗಿಸಿದರೆ ಎಂಟೂವರೆ. ಹಿತ್ತಾಳೆ! ಮೇಲೆ ಬೆಳ್ಳಿಯ ನೀರು ಹಾಯಿಸಿದ್ದಾರೆ. ತೂಕ ಸರಿದೂಗಿಸಲು ತುಸು ದಪ್ಪ ಮಾಡಿದ್ದರು, ಅಂದು ನಾನು ದಪ್ಪ ಅಳೆಯಲಿಲ್ಲ. ಇದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಪಾಠ ಕಲಿಸಿದ ನಾಣ್ಯ ಇದೇ.

ಹಾಯಿದೋಣಿಯ ಡಾಲರಿನ ಬಗ್ಗೆ ಒಂದೇ ಮಾತು: 1932ರದ್ದರಲ್ಲಿ ದೋಣಿಯ ಮೇಲೆ ಮೂರು ಹಕ್ಕಿ, ಪಕ್ಕದಲ್ಲಿ ಉದಯಿಸುವ ಸೂರ್ಯ ಇದ್ದವು. ಜಪಾನ್ ಮಂಚೂರಿಯಾ ನುಂಗಿದ ಹೊತ್ತು. ಸೂರ್ಯ ಜಪಾನಿನದು, ಹಕ್ಕಿಗಳು ಅವರ ವಿಮಾನ ಎಂದು ಜನ ಆಡಿಕೊಂಡರು. ಮುಂದಿನ ವರ್ಷದ ನಾಣ್ಯದಲ್ಲಿ ಎರಡೂ ಮಾಯ. ಇನ್ನು ಗುಯಿಝೌ ಪ್ರಾಂತ್ಯದ ಝೌ ಶಿಚೆಂಗ್ ಎಂಬ ಸೇನಾಧಿಪತಿ 1928ರಲ್ಲಿ ರಸ್ತೆ ಮಾಡಿಸಿದ ಖುಷಿಗೆ ಡಾಲರಿನ ಮೇಲೆ ತನ್ನ ಮೋಟಾರು ಕಾರನ್ನೇ ಒತ್ತಿಸಿದ. ಗಾಲಿಯ ಕೆಳಗಿನ ಹುಲ್ಲಿನ ಎಸಳುಗಳನ್ನು ಕೂಡಿಸಿ ಓದಿದರೆ ಅವನ ಹೆಸರು ಬರುತ್ತದೆ. ನಮ್ಮಲ್ಲಿ ಬಸ್ ನಿಲ್ದಾಣದ ಮೇಲೆ ಶಾಸಕರ ಹೆಸರು ಬರೆಸುವವರಿಗೆ ಇಷ್ಟು ನಾಜೂಕು ಬರಲಿಲ್ಲ.

ಕೊನೆಗೆ, ತಟ್ಟೆಗೆ ಹಾಕದೆ ನನ್ನ ಬಳಿಯೇ ಇಟ್ಟುಕೊಂಡ ಸಣ್ಣ ಬೆಳ್ಳಿ ಚೂರು. ಹೆಸರು ಸಿಚುವಾನ್ ರೂಪಾಯಿ. ಹೌದು, ರೂಪಾಯಿಯೇ. 19ನೇ ಶತಮಾನದಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಟಿಬೆಟ್ಟಿಗೆ ನುಗ್ಗಿತ್ತು. ಕಿರೀಟ ತೊಟ್ಟ ರಾಣಿಯನ್ನು ಅಲ್ಲಿನ ಜನ ಯಾರೋ 'ಅಲೆಮಾರಿ ಲಾಮಾ' ಎಂದುಕೊಂಡಿದ್ದರೆಂದು ಆ ಕಾಲದ ಪ್ರವಾಸಿಗರು ಬರೆದಿಟ್ಟಿದ್ದಾರೆ. ರೂಪಾಯಿಯ ಹಿಂದೆಯೇ ಭಾರತದ ಚಹಾ ಬಂದರೆ ತಮ್ಮ ಇಟ್ಟಿಗೆ ಚಹಾದ ಗತಿಯೇನು ಎಂದು ಸಿಚುವಾನಿನ ಅಧಿಕಾರಿಗಳಿಗೆ ದಿಗಿಲಾಯಿತು. ತಡೆಯಲು ಆಗಲಿಲ್ಲ, ನಕಲು ಮಾಡಿದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಚೆಂಗ್ಡುವಿನಲ್ಲಿ ಅದೇ ಗಾತ್ರ, ಹಿಂದೆ ಅದೇ ಹೂಬಳ್ಳಿ, ರಾಣಿಯ ಜಾಗದಲ್ಲಿ ಗ್ವಾಂಗ್‌ಶು ಚಕ್ರವರ್ತಿ. ತನ್ನ ಪ್ರಜೆಗಳಿಗೆ ನಾಣ್ಯದಲ್ಲಿ ಎಂದೂ ಮುಖ ತೋರಿಸದ ಚಿಂಗ್ ವಂಶ ಮುಖ ತೋರಿಸಿದ್ದು ಇದೊಂದು ಚಲಾವಣೆಯ ನಾಣ್ಯದಲ್ಲಿ, ಅದೂ ನಮ್ಮ ರೂಪಾಯಿಗೆ ಹೆದರಿ.

ಎಣಿಸುವ ಬೆಳ್ಳಿ ಬಂತು ಎಂದುಕೊಂಡಿರಾ? ಚಿಲ್ಲರೆ ಸಾಲದೆ ಜನ ರೂಪಾಯಿಯನ್ನು ನಡುವೆ ಕತ್ತರಿಸಿ ಅರ್ಧ, ಕಾಲು ಮಾಡಿದರು. ನನ್ನ ಬಳಿ ಇರುವುದು ಅರ್ಧ. ಇಡೀ ನಾಣ್ಯ ಹನ್ನೊಂದೂವರೆ ಗ್ರಾಂ ಆದರೆ ಇದು ಐದೂಮುಕ್ಕಾಲು ಬರಬೇಕು. ಇಡುತ್ತೇನೆ ನೋಡಿ. 5.1. ಕತ್ತರಿಸಿದ ಪುಣ್ಯಾತ್ಮ ನಡುವಿನಿಂದ ಒಂದು ಪಟ್ಟಿ ಎತ್ತಿಕೊಂಡಿದ್ದಾನೆ. ಚಕ್ರವರ್ತಿಯ ಕಿವಿ ಇಲ್ಲ.

ತಟ್ಟೆ ವಾಪಸ್ ಬಂತೇ? ಒಂಬತ್ತು ಕಳಿಸಿದ್ದೆ. ತಪ್ಪು ತಿಳಿಯಬೇಡಿ, ಒಮ್ಮೆ ಎಣಿಸಿಬಿಡುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಗಳು.