ಶಾಲೆಯ ಕಪಾಟಿನಲ್ಲಿ ಯಾರ ಮನೆಯ ಕಥೆ ಇದೆ?

[ದೃಶ್ಯ: ತರಗತಿಯ ಮೂಲೆಯಲ್ಲಿ ಕಬ್ಬಿಣದ ಕಪಾಟು. ಕೀಲಿ ತೆಗೆಯುವ ಸದ್ದು.]

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆ ಶಿರಹಟ್ಟಿ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಕಥೆ ಓದಿ ಹೇಳಲು ಹೋಗಿದ್ದೆ. ಎರಡನೇ ತರಗತಿ. ಅರ್ಧಕ್ಕೂ ಜಾಸ್ತಿ ಮಕ್ಕಳು ಪಕ್ಕದ ಲಂಬಾಣಿ ತಾಂಡಾದವರು. ಒಬ್ಬ ಹುಡುಗಿ ಕಂಬಕ್ಕೆ ಒರಗಿ ಸುಮ್ನೆ ಕೂತಿದ್ದಳು. ನಾನು ಪುಟ ತಿರುಗಿಸಿದೆ. ಚಿತ್ರದಲ್ಲಿ ಒಬ್ಬ ಹೆಂಗಸು. ಕನ್ನಡಿ ಹೊಲಿದ ಲಂಗ, ತೋಳ ತುಂಬ ಬಿಳಿ ಬಳೆ. ಹುಡುಗಿ ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟಳು.

"ಅಕ್ಕೋರ, ನಮ್ಮ ಯಾಡಿ ಹಬ್ಬಕ್ಕ ಹಿಂಗ ಉಟ್ಕೋತಾಳ!"

ಯಾಡಿ ಅಂದರೆ ಲಂಬಾಣಿ ಮಾತಿನಲ್ಲಿ ಅವ್ವ. ಆಮೇಲೆ ಆಕೆ ಕಂಬದ ಕಡೆ ಹೋಗಲೇ ಇಲ್ಲ. ಚಿತ್ರದಲ್ಲಿದ್ದ ಒಂದೊಂದು ಒಡವೆಗೂ ತಮ್ಮ ಮನೆಯ ಹೆಸರು ಹೇಳಿ, ನನ್ನ ಬಾಯಲ್ಲೂ ಹೇಳಿಸಿದಳು.

[ದೃಶ್ಯ: ಕಪಾಟಿನ ಒಳಗೆ ಜೋಡಿಸಿಟ್ಟ ಪುಸ್ತಕಗಳು.]

ಆ ಪುಸ್ತಕ ನನ್ನ ಚೀಲದಿಂದ ಬಂದದ್ದು. ಶಾಲೆಯ ಕಪಾಟಿನಲ್ಲಿ ರಾಜ, ಮಂತ್ರಿ, ನರಿ, ಮೊಸಳೆ ಇದ್ದರು. ಒಳ್ಳೆಯ ಕಥೆಗಳೇ, ಬೇಡ ಅಂತಲ್ಲ. ಆದರೆ ಒಂದರಲ್ಲೂ ತಾಂಡಾ ಇಲ್ಲ. ದುಡಿಯಲು ಗೋವಾಕ್ಕೆ ಹೋದ ಅಪ್ಪ ಇಲ್ಲ. ಮನೆಯಲ್ಲಿ ಉರ್ದು ಮಾತಾಡುವ ಹುಬ್ಬಳ್ಳಿಯ ಹುಡುಗ ಇಲ್ಲ. ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಜನರ ಗುಂಗುರು ಕೂದಲಿನ ಹುಡುಗಿ ಇಲ್ಲ. ಕಣ್ಣು ಕಾಣದ ಮಗು ಒಂದು ಕಥೆಯಲ್ಲಿತ್ತು, ಅದೂ ಅಯ್ಯೋ ಪಾಪ ಅನ್ನಿಸಿಕೊಳ್ಳಲು ಮಾತ್ರ. ಕಣ್ಣು ಕಾಣದ ಸಂಗೀತಗಾರರಾದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಗದಗಿನಲ್ಲಿ ಹೀಗಾಗಬಾರದು, ಅಲ್ವಾ?

ಅಮೆರಿಕದ ಪ್ರಾಧ್ಯಾಪಕಿ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಒಂದು ಮಾತು ಬರೆದರು. ಪುಸ್ತಕ ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಅಂತ. ಕನ್ನಡಿಯಲ್ಲಿ ತನ್ನ ಬದುಕು, ಕಿಟಕಿಯಲ್ಲಿ ಬೇರೆಯವರ ಬದುಕು. ಕಿಟಕಿಯನ್ನು ನಾವು ಮರೆಯುತ್ತೇವೆ. ತಾಂಡಾದ ಕಥೆಯನ್ನು ತಾಂಡಾದ ಶಾಲೆಗಷ್ಟೇ ಕೊಟ್ಟು ಸುಮ್ಮನಾಗುತ್ತೇವೆ. ಅದನ್ನು ಧಾರವಾಡ ಪೇಟೆಯ ಮಗುವೂ ಓದಬೇಕು. ನಾಳೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವವರು.

ದುಡ್ಡು ಎಲ್ಲಿಂದ? ಎಲ್ಲ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆ ಪುಸ್ತಕವೂ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ಅಂತಲೇ ವರ್ಷಕ್ಕೆ 5,000 ರೂಪಾಯಿಯಿಂದ ಅನುದಾನವಿದೆ. ಮಕ್ಕಳ ಪುಸ್ತಕ ತರುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ 2015ರಿಂದ ಇದೆ. ಅಲ್ಲಿ ಕನ್ನಡದ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಪುಸ್ತಕ ಆರಿಸುವ ದಿನ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ತಾಯಂದಿರನ್ನೂ ಕೂರಿಸಿಕೊಳ್ಳಿ. ಚಿತ್ರ ಸರಿ ಇದೆಯೋ ಇಲ್ಲವೋ ಅವರು ಒಂದೇ ನೋಟಕ್ಕೆ ಹೇಳುತ್ತಾರೆ.

ಇನ್ನು ಕಪಾಟಿಗೆ ಹಾಕಿಡುವ ಕೀಲಿಯ ಮಾತು. ಮಕ್ಕಳು ಹರಿದರೆ ಲೆಕ್ಕ ಕೊಡುವವರು ಯಾರು ಎಂಬ ಭಯ ಶಿಕ್ಷಕರಿಗೆ ಇದ್ದೇ ಇರುತ್ತದೆ. ಅವರನ್ನು ದೂರಬೇಡಿ. ಓದಿ ಹರಿದ ಪುಸ್ತಕಕ್ಕೆ ಶಿಕ್ಷಕರಿಂದ ದುಡ್ಡು ಕೇಳಬಾರದು ಅಂತ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿಸಿ. ಆಮೇಲೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಮಕ್ಕಳ ಕೈಗೆಟುಕುವಂತೆ ಪುಸ್ತಕ ತೂಗುಹಾಕಿ.

[ದೃಶ್ಯ: ಅಂಗಳದಲ್ಲಿ ಹಾಸಿದ ಕೌದಿ, ಸುತ್ತ ಮಕ್ಕಳು.]

ಬೇಕಾದ ಕಥೆ ಎಲ್ಲೂ ಸಿಗಲಿಲ್ಲವಾ? ಮಕ್ಕಳೇ ಮಾಡಲಿ. ನಾವು ಮಾಡಿದ್ದು ಹೀಗೆ. ಒಬ್ಬ ಅಜ್ಜಿ ಮನೆಯ ಕೌದಿ ತಂದು ಶಾಲೆಯ ಅಂಗಳದಲ್ಲಿ ಹಾಸಿದರು. ಯಾವ ತುಂಡು ಯಾರ ಬಟ್ಟೆಯದು ಅಂತ ಹೇಳುತ್ತ ಹೋದರು. ಒಂದು ತುಂಡಿಗೆ ಒಂದು ಪುಟ. ಎರಡು ದೊಡ್ಡ ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ ಎಂಟು ಪುಟದ ಪುಸ್ತಕ. ಮೇಲೆ ಕನ್ನಡ, ಕೆಳಗೆ ಲಂಬಾಣಿ, ಎರಡೂ ಕನ್ನಡ ಅಕ್ಷರದಲ್ಲೇ. ಲಂಬಾಣಿ ಸಾಲು ಓದುವಾಗ ನಾನು ತಡವರಿಸಿದೆ. ಕಂಬಕ್ಕೆ ಒರಗಿದ್ದ ಆ ಹುಡುಗಿಯೇ ತಿದ್ದಿದಳು.

[ದೃಶ್ಯ: ಕೈಯಲ್ಲಿ ಆ ಪುಸ್ತಕ, ಬಣ್ಣದ ಪೆನ್ಸಿಲಿನ ಚಿತ್ರ.]

ಅದರ ಮೊದಲ ಪುಟ ಓದುತ್ತೇನೆ, ಕೇಳಿ. "ಈ ತುಂಡು ನಮ್ಮ ಯಾಡಿಯ ಹಳೇ ಲಂಗದ್ದು. ಕನ್ನಡಿ ಬಿದ್ದು ಹೋಗಿದೆ. ದಾರ ಹಂಗೇ ಇದೆ."