ಜಾಂಗ್ ದಾಚಿಯನ್ ಬಣ್ಣ ಸುರಿದದ್ದು ಯಾರನ್ನು ನೋಡಿ?

ನಮಸ್ಕಾರ. ಚೀನೀ ಚಿತ್ರಕಾರ ಜಾಂಗ್ ದಾಚಿಯನ್ ಅವರ 1960ರ ದಶಕದ ಕೃತಿಗಳನ್ನು ಕಂಡವರಿಗೆ ಒಂದು ಅನುಮಾನ ಬಂದೇ ಬರುತ್ತದೆ: ಕಪ್ಪು ಶಾಯಿಯ ಮೇಲೆ ನೀಲಿ-ಹಸಿರು ಹರಿದಾಡುವ ಈ ಶೈಲಿ ಅಮೆರಿಕದ ಅಮೂರ್ತ ಕಲೆಯಿಂದ ಎರವಲು ಪಡೆದದ್ದೇ?

ಹಿನ್ನೆಲೆಯನ್ನು ಚುಟುಕಾಗಿ ಮುಗಿಸೋಣ. 1899ರಲ್ಲಿ ಸಿಚುವಾನ್‌ನಲ್ಲಿ ಹುಟ್ಟಿದ ಜಾಂಗ್, ಕಮ್ಯುನಿಸ್ಟರು ಗೆದ್ದ 1949ರಲ್ಲಿ ತಾಯ್ನೆಲ ತೊರೆದರು. ಡಾರ್ಜಿಲಿಂಗ್‌ನಲ್ಲಿ ಕೆಲಕಾಲ ನೆಲೆಸಿದರು, ಅಜಂತಾದ ಗುಹೆಗಳನ್ನು ನೋಡಿದರು, ಅರ್ಜೆಂಟೀನಾದ ಮೂಲಕ ಬ್ರೆಜಿಲ್ ಸೇರಿ ಸಾವೊ ಪೌಲೊ ಸಮೀಪ ಜಮೀನು ಕೊಂಡು, ಅಲ್ಲೊಂದು ಚೀನೀ ಉದ್ಯಾನವನ್ನೇ ನಿರ್ಮಿಸಿಕೊಂಡರು.

1957ರಲ್ಲಿ ಮಧುಮೇಹದಿಂದ ಅವರ ದೃಷ್ಟಿ ಕುಂದಿತು. ಕೂದಲೆಳೆಯಂಥ ಗೆರೆಗಳು ಕೈಗೆಟುಕದಾದ ಮೇಲೆ ಅವರು ಕಾಗದದ ಮೇಲೆ ಶಾಯಿ ಸುರಿದು, ಅದರ ಮೇಲೆ ಕಲ್ಲು ಅರೆದು ಮಾಡಿದ ನೀಲಿ, ಹಸಿರನ್ನು ಹೊಯ್ದು, ಹರಿವನ್ನು ಬೇಕಾದತ್ತ ತಿರುಗಿಸತೊಡಗಿದರು. ಕೊನೆಯಲ್ಲಿ ಕುಂಚ ಹಿಡಿದು ಮೂಲೆಗೊಂದು ಗುಡಿಸಲು, ನಾಲ್ಕಾರು ಮರಗಳನ್ನು ಬರೆಯುತ್ತಿದ್ದರು. ಈಗ ಪರದೆಯ ಮೇಲಿರುವ ಚಿತ್ರದಲ್ಲಿ ಆ ಗುಡಿಸಲನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ: ಬರೀ ಬಣ್ಣ ಉಳಿಯುತ್ತದೆ. ಬೆರಳು ತೆಗೆದ ಕೂಡಲೇ ಅದೇ ಬಣ್ಣ ಮಂಜು ಕವಿದ ಕಣಿವೆಯಾಗುತ್ತದೆ. ಅಮೂರ್ತ ಕಲೆಯ ಅಂಚಿನವರೆಗೆ ಹೋಗಿ, ಒಂದು ಸೂರಿನ ನೆಪದಲ್ಲಿ ಹಿಂದಿರುಗುವ ಈ ಜಾಣತನ ನನಗೆ ಬಹಳ ಇಷ್ಟ.

ಆ ಖನಿಜವರ್ಣಗಳೊಂದಿಗೆ ಅವರ ಒಡನಾಟ ಹಳೆಯದು. 1941ರಿಂದ 1943ರವರೆಗೆ ವಾಯವ್ಯ ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ ಬೌದ್ಧ ಭಿತ್ತಿಚಿತ್ರಗಳನ್ನು ನಕಲು ಮಾಡುವಾಗ ಟಿಬೆಟನ್ ಭಿಕ್ಷು-ಕಲಾವಿದರು ಅವರ ಜೊತೆಗಿದ್ದರು. ಇನ್ನು ಶಾಯಿ ಚೆಲ್ಲುವ ವಿದ್ಯೆಗೆ ಟಾಂಗ್ ರಾಜವಂಶದ ಕಾಲದ (7ರಿಂದ 10ನೆಯ ಶತಮಾನ) ಚಿತ್ರಕಾರ ವಾಂಗ್ ಮೊ ಎಂಬಾತನನ್ನು ಅವರು ಪೂರ್ವಿಕನೆನ್ನುತ್ತಿದ್ದರು. ಆತ ಕುಡಿದ ಅಮಲಿನಲ್ಲಿ ಶಾಯಿ ಎರಚಿ, ಕೈಕಾಲುಗಳಿಂದ ಅದನ್ನು ಬಳಿಯುತ್ತಿದ್ದನಂತೆ.

ಈ ವಂಶಾವಳಿಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. 1956ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ನಡೆಸಿ, ಪಿಕಾಸೊ ಅವರನ್ನು ಭೇಟಿಯಾದ ಈ ಮನುಷ್ಯನಿಗೆ ಪಶ್ಚಿಮದ ಗ್ಯಾಲರಿಗಳ ರುಚಿ ತಿಳಿದಿರಲಿಲ್ಲವೆಂದರೆ ನಂಬುವುದು ಕಷ್ಟ. ಮೇಲಾಗಿ ಪ್ರಾಚೀನರ ಹೆಸರಿನಲ್ಲಿ ಮಾತಾಡುವುದರಲ್ಲಿ ಅವರು ನಿಸ್ಸೀಮರು. ಹತ್ತನೆಯ ಶತಮಾನದ ಚೀನೀ ಚಿತ್ರಕಾರ ಗುವಾನ್ ಟಾಂಗ್‌ನದೆಂದು ಬಾಸ್ಟನ್ ವಸ್ತುಸಂಗ್ರಹಾಲಯ 1957ರಲ್ಲಿ ಕೊಂಡ ಚಿತ್ರ ಜಾಂಗ್ ಅವರದೇ ಕೈಚಳಕವೆಂದು ಆಮೇಲೆ ಗೊತ್ತಾಯಿತು!

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಬ್ರೆಜಿಲ್‌ನ ತೋಟದ ಜಾಗ ಜಲಾಶಯ ಯೋಜನೆಗೆ ಸಿಕ್ಕಿತು. ಅವರು ಕ್ಯಾಲಿಫೋರ್ನಿಯಾದಲ್ಲಿದ್ದು, 1970ರ ದಶಕದ ಉತ್ತರಾರ್ಧದಲ್ಲಿ ತೈವಾನ್‌ನ ತೈಪೆಗೆ ಬಂದರು. ಅಲ್ಲಿ 1981ರಲ್ಲಿ ಇದೇ ಸುರಿಯುವ ವಿಧಾನದಲ್ಲಿ ಚೀನಾದ ಲು ಪರ್ವತದ ಸುಮಾರು 10 ಮೀಟರ್ ಉದ್ದದ ಚಿತ್ರ ಆರಂಭಿಸಿ, 1983ರಲ್ಲಿ ತೀರಿಕೊಳ್ಳುವ ಮುನ್ನ ಹೆಚ್ಚುಕಡಿಮೆ ಮುಗಿಸಿದ್ದರು. ಆ ಪರ್ವತಕ್ಕೆ ಅವರು ಒಮ್ಮೆಯೂ ಹೋಗಿರಲಿಲ್ಲ.